ಆರೂ ಡಿಸ್ಕ್ ಒಟ್ಟಿಗೆ ಮಾಯ ಆದಾಗ ನಾನು ನೋಡಿದ್ದು ಎಂತದ್ದೆಲ್ಲ

ಸರ್ವರಿಗೆ ಹಾಕುವ ಲಿನಕ್ಸ್ ಓಎಸ್ ಸೆಂಟ್‌ಓಎಸ್ 7ರ ಸಪೋರ್ಟ್ 2024ರ ಜೂನ್ 30ಕ್ಕೆ ಮುಗೀತಲ್ಲ, ಅದಾದ ಮೇಲೆ ನಮ್ಮ ಬದಿಯಡ್ಕ ಕಡೆಯ ಒಂದು ವಿಡಿಯೋ ಸ್ಟುಡಿಯೋದವ್ರು ಸರ್ವರಿಗೆ ಅದರ ಬದಲಿಗೆ ರಾಕಿ ಲಿನಕ್ಸ್ 8 ಹಾಕಿಕೊಡಿ ಅಂದ್ರು. ಮದುವೆ, ಉಪನಯನ, ಯಕ್ಷಗಾನ, ಕೋಲ ಅಂತ ವರ್ಷಗಟ್ಟಲೆ ಶೂಟ್ ಮಾಡಿದ್ದೆಲ್ಲ ಇರುವುದು ಅದ್ರಲ್ಲೇ. ಆರು ಸಾಟಾ ಡಿಸ್ಕ್, ಎಲ್‌ಎಸ್‌ಐ 9211-8ಐ ಅನ್ನುವ ಡಿಸ್ಕ್ ಕಂಟ್ರೋಲರ್ ಕಾರ್ಡಿಗೆ ಕನೆಕ್ಟ್ ಮಾಡಿ ಲಿನಕ್ಸಿನದ್ದೇ ಸಾಫ್ಟ್‌ವೇರ್ ರೇಡ್ 6, ಅಂದ್ರೆ ಆರನ್ನೂ ಒಂದಾಗಿ ಸೇರಿಸಿ ಎರಡು ಡಿಸ್ಕ್ ಹೋದ್ರೂ ಡೇಟಾ ಉಳಿಯುವ ಹಾಗೆ. ಓಎಸ್ ಮಾತ್ರ ಬೇರೆ ಒಂದು ಸಣ್ಣ ಎಸ್‌ಎಸ್‌ಡಿಯಲ್ಲಿ, ಅದು ಸೀದಾ ಮದರ್‌ಬೋರ್ಡಿಗೆ.

ಇನ್‌ಸ್ಟಾಲ್ ಎಲ್ಲ ಸಲೀಸಾಗಿ ಆಯ್ತು. ಬೂಟ್ ಆಗುವಾಗ ಯಾವ ಡಿಸ್ಕ್ ಎಲ್ಲಿ ಸೇರ್ಬೇಕು ಅಂತ ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿಗೆ ಹಳೆ ಲೈನ್ ಹಾಕಿ ರೀಬೂಟ್ ಮಾಡಿದ್ರೆ ಒಂದೂವರೆ ನಿಮಿಷ ಕಾದು ಕಾದು ಸೀದಾ ಎಮರ್ಜೆನ್ಸಿ ಮೋಡ್. ಡಿಸ್ಕ್‌ಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ ಕಮಾಂಡ್ ಹಾಕಿದ್ರೆ ಎಸ್‌ಎಸ್‌ಡಿ ಒಂದೇ, ಬಾಕಿ ಆರರಲ್ಲಿ ಒಂದೂ ಇಲ್ಲ.

"ಅಣ್ಣಾ, ಡಿಸ್ಕ್ ಪೂರಾ ಹೋಯ್ತಾ?" ಅಂತ ಸ್ಟುಡಿಯೋದವ ಬಾಗಿಲಲ್ಲೇ ನಿಂತು ಕೇಳಿದ. "ಆರೂ ಒಂದೇ ದಿನ ಸಾಯ್ಲಿಕ್ಕೆ ಅದಕ್ಕೆಂತ ಕಾಲರಾ ಬಂದಿದ್ಯಾ ಮಾರಾಯ, ಸುಮ್ನೆ ಕೂತ್ಕೋ" ಅಂದೆ. ಅಷ್ಟೊತ್ತಿಗೆ ಅವನ ಪರಿಚಯದವ ಒಬ್ಬ ಫೋನಲ್ಲಿ ರೇಡ್ ಹೊಸತಾಗಿ ಕ್ರಿಯೇಟ್ ಮಾಡಿ, ಸರಿ ಆಗ್ತದೆ ಅಂತ ಬೇರೆ ಹೇಳ್ತಿದ್ದ. ಇದು ಮಾತ್ರ ಯಾರೂ ಮಾಡ್ಬೇಡಿ, ಡಿಸ್ಕ್ ಕಾಣ್ತಾ ಇಲ್ಲ ಅಂದ್ರೆ ಕ್ರಿಯೇಟೂ ಬೇಡ ಫಾರ್ಮ್ಯಾಟೂ ಬೇಡ, ಕಾಣದ್ದು ಯಾಕೆ ಅಂತ ಗೊತ್ತಾಗುವವರೆಗೆ ಡಿಸ್ಕಿಗೆ ಕೈ ಹಾಕುವ ಕೆಲಸವೇ ಬೇಡ.

ಮೊದ್ಲು ರೀಬೂಟ್ ಮಾಡಿ ಕಾರ್ಡಿನ ಬಯಾಸ್ ಬರುವಾಗ ಕಂಟ್ರೋಲ್-ಸಿ ಒತ್ತಿದೆ. ಸಾಸ್ ಟೋಪಾಲಜಿ ಅಂತ ಒಂದು ಮೆನು ಉಂಟು, ಅದ್ರಲ್ಲಿ ಆರೂ ಡಿಸ್ಕ್ ಮಾಡೆಲ್ ಹೆಸರಿನ ಸಮೇತ ಕಂಡಿತು. ಅಂದ್ರೆ ಕಾರ್ಡ್, ಪವರ್, ಡಿಸ್ಕ್ ಮೂರೂ ಬದುಕಿವೆ, ತಕರಾರು ಓಎಸ್ ಕಡೆಯದ್ದು. ಆಮೇಲೆ ಮೆಷಿನಲ್ಲಿ ಇರುವ ಕಾರ್ಡ್‌ಗಳನ್ನು ತೋರಿಸುವ ಎಲ್‌ಎಸ್‌ಪಿಸಿಐ ಕಮಾಂಡಿಗೆ ಎನ್‌ಎನ್‌ಕೆ ಆಪ್ಶನ್ ಕೊಟ್ಟು ನೋಡಿದೆ. ಕಾರ್ಡ್ ಕಾಣ್ತದೆ, ಸಾಸ್2008 ಚಿಪ್, ಐಡಿ 1000:0072, ಆದ್ರೆ ಅದರ ಕೆಳಗೆ 'ಕರ್ನಲ್ ಡ್ರೈವರ್ ಇನ್ ಯೂಸ್' ಅನ್ನುವ ಲೈನೇ ಇಲ್ಲ. ಈ ತರದ ಕಾರ್ಡಿನ ಡ್ರೈವರ್ ಆದ ಎಂಪಿಟಿ3ಸಾಸ್ ಮಾಡ್ಯೂಲನ್ನು ಕೈಯಾರೆ ಲೋಡ್ ಮಾಡಿದೆ, ಎರರ್ ಇಲ್ಲದೆ ಲೋಡ್ ಆಯ್ತು, ಆದ್ರೂ ಕಾರ್ಡನ್ನು ಅದು ಮೂಸಿಯೂ ನೋಡ್ಲಿಲ್ಲ. ಮಾಡ್ಯೂಲಿನ ವಿವರ ತೋರಿಸುವ ಮಾಡ್‌ಇನ್ಫೋದಲ್ಲಿ ಏಲಿಯಾಸ್ ಲಿಸ್ಟ್ ತೆಗೆದಾಗ ವಿಷಯ ಗೊತ್ತಾಯ್ತು, ಆ ಡ್ರೈವರ್ ಯಾವ್ಯಾವ ಕಾರ್ಡನ್ನು ಹಿಡೀತದೆ ಅನ್ನುವ ಪಟ್ಟಿ ಅದು, ಅದ್ರಲ್ಲಿ 0072 ಇಲ್ಲವೇ ಇಲ್ಲ.

ರಾಕಿಗೆ ಮೂಲವಾದ ರೆಡ್ ಹ್ಯಾಟ್ ಲಿನಕ್ಸಿನ 8ನೇ ವರ್ಷನ್ನಿನಿಂದ ಸಾಸ್2008 ತರದ ಹಳೆ ಚಿಪ್‌ಗಳ ಐಡಿ ತೆಗೆದಿದ್ದಾರೆ, ಡಾಕ್ಯುಮೆಂಟಲ್ಲೂ ಲಿಸ್ಟ್ ಉಂಟು, ರಾಕಿಯೂ ಅದನ್ನೇ ಫಾಲೋ ಮಾಡ್ತದೆ. ರಾಕಿಯ ಹಾಗೆಯೇ ಇರುವ ಆಲ್ಮಾಲಿನಕ್ಸಿನವ್ರು 9.4ರಲ್ಲಿ ಇಂಥ ಹಳೆ ಕಾರ್ಡಿನ ಐಡಿಗಳನ್ನು ವಾಪಸ್ ಸೇರಿಸಿದ್ದಾರೆ, ಹೊಸತಾಗಿ ಹಾಕುವವ್ರು ಅದನ್ನೂ ನೋಡ್ಬಹುದು. ನಾನು ಪುನಃ ಇನ್‌ಸ್ಟಾಲ್ ಮಾಡ್ಲಿಕ್ಕೆ ಹೋಗದೆ ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಇಎಲ್‌ರೆಪೋ ಅನ್ನುವ ಹೊರಗಿನ ಪ್ಯಾಕೇಜ್ ಭಂಡಾರ ಸೇರಿಸಿ ಅದರಿಂದ ಕೆಮಾಡ್-ಎಂಪಿಟಿ3ಸಾಸ್ ಪ್ಯಾಕೇಜ್ (ಕೆಮಾಡ್ ಅಂದ್ರೆ ಕರ್ನಲ್ಲಿಗೆ ಹೊರಗಿಂದ ಸೇರಿಸುವ ಮಾಡ್ಯೂಲ್) ಇಳಿಸಿದೆ, ಹಳೆ ಮಾಡ್ಯೂಲ್ ತೆಗೆದು ಹೊಸತು ಲೋಡ್ ಮಾಡಿದ್ದೇ ಕರ್ನಲ್ಲಿನ ಲಾಗ್ ಆದ ಡಿಮೆಸೇಜ್ ಗಡಗಡ ಓಡ್ಲಿಕ್ಕೆ ಶುರು. ಅದ್ರಲ್ಲಿ ಎಂಪಿಟಿ2ಸಾಸ್ ಅಂತ ಹೆಸರು ಬರ್ತದೆ, ಗಾಬರಿ ಬೇಡ, ಎರಡೂ ಡ್ರೈವರನ್ನು ಒಂದೇ ಮಾಡಿ ಆಗಿದೆ, ಹಳೆ ಚಿಪ್ಪಿಗೆ ಹೆಸರು ಮಾತ್ರ ಹಾಗೆ ತೋರಿಸ್ತದೆ. ರೇಡಿನ ಸ್ಥಿತಿ ತೋರಿಸುವ ಎಂಡಿಸ್ಟ್ಯಾಟ್ ನೋಡಿದ್ರೆ ರೇಡ್ ಅರೇ ತನ್ನಿಂತಾನೇ ಎದ್ದು ಕೂತಿದೆ, ಆರಕ್ಕೆ ಆರೂ ಯು, ಅಂದ್ರೆ ಎಲ್ಲ ಡಿಸ್ಕೂ ಸರಿ ಉಂಟು. ಸ್ಟುಡಿಯೋದವನಿಗೆ ಆಗ ಚಾ ತರಿಸುವ ನೆನಪಾಯ್ತು.

ನಂಬಿದ ಕೀಯಿಂದ ಸಹಿ ಆದ ಮಾಡ್ಯೂಲನ್ನು ಮಾತ್ರ ಬಿಡುವ ಸೆಕ್ಯೂರ್ ಬೂಟ್ ಆನ್ ಇದ್ದವ್ರಿಗೆ ಈ ಮಾಡ್ಯೂಲ್ ಲೋಡ್ ಆಗದೆ ಕೀ ಇಲ್ಲ ಅಂತ ಎರರ್ ಬರ್ತದೆ, ಇಎಲ್‌ರೆಪೋದ ಕೀಯನ್ನು ಮೋಕ್‌ಯುಟಿಲ್ ಕಮಾಂಡಿನಲ್ಲಿ ಸೇರಿಸ್ಬೇಕು. ರೂಟ್, ಅಂದ್ರೆ ಓಎಸ್ ಇರುವ ಪಾರ್ಟಿಶನ್ನೇ, ಈ ಕಾರ್ಡಿನ ಡಿಸ್ಕಲ್ಲಿ ಇದ್ರೆ ಕತೆ ಬೇರೆ, ಆಗ ಇನ್‌ಸ್ಟಾಲ್ ಮಾಡುವಾಗಲೇ ಡ್ರೈವರ್ ಡಿಸ್ಕ್ ಕೊಡ್ಬೇಕು. ಎಫ್‌ಎಸ್‌ಟ್ಯಾಬಲ್ಲಿ ಡೇಟಾ ಡಿಸ್ಕಿನ ಲೈನಿಗೆ ನೋಫೇಲ್ ಅಂತ ಸೇರಿಸಿಟ್ಟೆ, ಇನ್ನೊಂದು ಸಲ ಡಿಸ್ಕ್ ಕಾಣದಿದ್ರೂ ಮೆಷಿನಾದ್ರೂ ಬೂಟ್ ಆಗ್ಲಿ, ನಾನು ಮನೆಯಿಂದಲೇ ಎಸ್‌ಎಸ್‌ಎಚ್‌ನಲ್ಲಿ ನೋಡ್ಬಹುದು.

ಎಲ್ಲ ಸರಿ ಆದ ಮೇಲೂ ಒಂದು ಡಿಸ್ಕ್ ಮಾತ್ರ ದೊಡ್ಡ ಫೈಲ್ ಕಾಪಿ ಮಾಡುವಾಗ ರೀಸೆಟ್ ಆಗ್ತಿತ್ತು. ಡ್ರೈವರ್ ಇನ್ನೂ ಸರಿ ಆಗ್ಲಿಲ್ಲ ಅಂತ ಅನಿಸುವ ಜಾಗ ಇದು, ಆದ್ರೆ ಡ್ರೈವರ್ ಆಗಿದ್ರೆ ಆರಕ್ಕೂ ಆಗ್ಬೇಕಿತ್ತಲ್ಲ. ಡಿಸ್ಕಿನ ಆರೋಗ್ಯದ ಲೆಕ್ಕ ತೋರಿಸುವ ಸ್ಮಾರ್ಟ್‌ಸಿಟಿಎಲ್ ಹಾಕಿ ನೋಡಿದೆ, 5ನೇ ನಂಬರಿನ ರೀಅಲೊಕೇಟೆಡ್ ಸೆಕ್ಟರ್ (ಹಾಳಾಗಿ ಬದಲಿ ಕೊಟ್ಟ ಜಾಗ) ಸೊನ್ನೆ, 199ನೇದು ಸಿಆರ್‌ಸಿ ಎರರ್ (ಡೇಟಾ ಸಾಗುವಾಗ ಆದ ತಪ್ಪು), ಅದು ಮಾತ್ರ ಕಾಪಿ ಮಾಡಿದ ಹಾಗೆ ಏರ್ತಾ ಉಂಟು. 5 ಏರಿದ್ರೆ ಡಿಸ್ಕಿನದ್ದು, 199 ಏರಿದ್ರೆ ಹೆಚ್ಚಾಗಿ ಕೇಬಲಿನದ್ದು. ಕೇಬಲ್ ಬದಲಿಸಿದೆ, ನಿಂತಿತು. ಹಳೇ ಲೆಕ್ಕ ಅಳಿಸಿಹೋಗುವುದಿಲ್ಲ, ಏರುವುದು ನಿಂತಿದೆಯಾ ಅಂತ ಮಾತ್ರ ನೋಡ್ಬೇಕು.

ಕೆಮಾಡ್ ಕರ್ನಲ್ಲಿಗೆ ಹೊಂದಿಕೊಳ್ಬೇಕು. ರಾಕಿ 8ರಲ್ಲಿ 8.10 ಕೊನೆಯ ಮೈನರ್ ರಿಲೀಸ್, ಹಾಗಾಗಿ ಇಲ್ಲಿ ತಲೆಬಿಸಿ ಕಡಿಮೆ, 9ರಲ್ಲಿ ಇದೇ ಕೆಮಾಡ್ ದಾರಿ ಹಿಡಿದವ್ರು ಪ್ರತಿ ಮೈನರ್ ಅಪ್‌ಡೇಟಿಗೂ ಮೊದ್ಲು ಅದಕ್ಕೆ ಕೆಮಾಡ್ ಬಂದಿದ್ಯಾ ನೋಡಿ. ಸ್ಟುಡಿಯೋದವನಿಗೆ ಮುಂದೆ ದುಡ್ಡಾದಾಗ 9300-8ಐ ತೆಗೆದುಕೋ ಅಂದಿದ್ದೇನೆ, ಅದು ಸಾಸ್3008, ಡ್ರೈವರ್ ಕರ್ನಲ್ ಜೊತೆಗೇ ಬರ್ತದೆ. ಕೇಬಲ್ ಕೂಡ ಹೊಸತು ಬೇಕು, 9211ರದ್ದು ಎಸ್‌ಎಫ್‌ಎಫ್-8087 ಕನೆಕ್ಟರ್, 9300ರದ್ದು 8643.