ನೀರಿನಲ್ಲಿ ಸತ್ತ ಹುಡುಗ: ಅಪಘಾತವೋ ಕೊಲೆಯೋ ಎಂದು ವಾದ ಮಾಡುವುದು ಹೇಗೆ

ನಾನು ಗೋವಾದ ವಾಸ್ಕೋದಲ್ಲಿ ಒಬ್ಬ ವಕೀಲರ ಬಳಿ ಟೈಪಿಂಗ್ ಮತ್ತು ಅನುವಾದದ ಕೆಲಸ ಮಾಡುತ್ತೇನೆ. ಊರು ಗದಗಿನ ಕಡೆ. ಬೈನಾ, ಝುವಾರಿನಗರದ ಕನ್ನಡದ ಮನೆಗಳಲ್ಲಿ ಯಾರಾದರೂ ನೀರಿನಲ್ಲಿ ಹೋದರೆ ನನಗೆ ಫೋನ್ ಬರುತ್ತದೆ. ಪೊಲೀಸ್ ಸ್ಟೇಷನ್ನಿನಲ್ಲಿ ಮಾತು ಕೊಂಕಣಿ, ಕಾಗದ ಇಂಗ್ಲಿಷ್. ಬಾಗಲಕೋಟೆಯಿಂದ ರಾತ್ರಿ ಬಸ್ಸಿಗೆ ಬಂದ ಅಪ್ಪನಿಗೆ ಎರಡೂ ಬರುವುದಿಲ್ಲ. ನಡುವೆ ಒಬ್ಬರು ಬೇಕಲ್ವಾ.

ನಮ್ಮ ಬಿಲ್ಡಿಂಗಿನ ಕಾಲೇಜು ಹುಡುಗರಿಗೆ ಈಗ ಒಂದು ಹುಚ್ಚು ಹಿಡಿದಿದೆ. ಅಮೆರಿಕದಲ್ಲಿ ಕಾಲೇಜು ಹುಡುಗರು ಒಬ್ಬರ ಹಿಂದೆ ಒಬ್ಬರು ನದಿಯಲ್ಲಿ ಹೆಣವಾಗಿ ಸಿಕ್ಕರು, ಹತ್ತಿರದ ಗೋಡೆಯಲ್ಲಿ ನಗುಮುಖದ ಚಿತ್ರ ಇತ್ತು, ಇದು ಯಾವುದೋ ಗ್ಯಾಂಗಿನ ಕೆಲಸ ಅನ್ನುವ ವಿಡಿಯೋಗಳನ್ನು ನೋಡುತ್ತಾರೆ. ಆಮೇಲೆ ಇಲ್ಲಿ ಯಾರೋ ನೀರು ತುಂಬಿದ ಕಲ್ಲು ಕ್ವಾರಿಯಲ್ಲಿ ಮುಳುಗಿದರೂ "ಕಾಕಾ, ಇದು ಮರ್ಡರೇ" ಎಂದು ಶುರು. ಎದುರು ಗುಂಪಿನದು ಒಂದೇ ಮಾತು: "ಕುಡಿದಿದ್ದ, ಬಿದ್ದ, ಮುಗೀತು." ಎರಡೂ ಸೋಮಾರಿಗಳ ಉತ್ತರ. ವಾದ ಬೇಡ ಅಂತ ನಾನು ಹೇಳುವುದಿಲ್ಲ. ಮಾಡಿ, ಆದರೆ ಒಂದು ಕ್ರಮದಲ್ಲಿ ಮಾಡಿ.

ಮೊದಲು ಜಾಗ. ಸತ್ತವನ ಮನೆಯಲ್ಲಿ ಬೇಡ, ಶವಾಗಾರದ ಬಾಗಿಲಲ್ಲಿ ಬೇಡ, ಅವನ ಓಣಿಯ ವಾಟ್ಸಾಪ್ ಗುಂಪಿನಲ್ಲಂತೂ ಬೇಡವೇ ಬೇಡ. ತಾಯಿಯ ಕಿವಿಗೆ "ಯಾರೋ ತಳ್ಳಿದರಂತೆ" ಎಂದು ಒಮ್ಮೆ ಬಿದ್ದರೆ, ಆಮೇಲೆ ಯಾವ ಡಾಕ್ಟರ ರಿಪೋರ್ಟೂ ಅದನ್ನು ತೆಗೆಯಲಾರದು. ಇನ್ನು ಬದುಕಿರುವವನ ಹೆಸರು ಹಿಡಿದು ಕೊಲೆಗಾರ ಎಂದು ಬರೆದರೆ ಅದು ಮಾನನಷ್ಟದ ಕೇಸಿಗೆ ದಾರಿ.

ಎರಡು ಡಬ್ಬಿ ಸಾಲದು

ಅಪಘಾತ ಅಥವಾ ಕೊಲೆ, ಎರಡರಲ್ಲಿ ಒಂದು ಎಂದು ಕೂತರೆ ಅಲ್ಲೇ ತಪ್ಪು. ಆತ್ಮಹತ್ಯೆ ಇರಬಹುದು. ಈಜುವಾಗಲೇ ಮೂರ್ಛೆರೋಗ ಬಂದಿರಬಹುದು. ತಮಾಷೆಗೆ ತಳ್ಳಿದ್ದು ಸಾವಾಗಿರಬಹುದು. ಬೇರೆಯವರ ಬೇಜವಾಬ್ದಾರಿ ಇರಬಹುದು. ಸರಿಯಾದ ಉತ್ತರ "ಇನ್ನೂ ಗೊತ್ತಾಗಿಲ್ಲ" ಅಂತಲೂ ಇರಬಹುದು, ಹುಡುಗರಿಗೆ ಅದೇ ಆಗಿಬರುವುದಿಲ್ಲ.

ಗೋವಾದವರು ಮರೆಯದ ಉದಾಹರಣೆ ಒಂದಿದೆ. 2008ರ ಫೆಬ್ರವರಿಯಲ್ಲಿ ಅಂಜುನಾ ಕಡಲತೀರದಲ್ಲಿ 15 ವರ್ಷದ ಬ್ರಿಟಿಷ್ ಹುಡುಗಿಯ ಹೆಣ ಸಿಕ್ಕಿತು. ಮುಳುಗಿ ಸತ್ತಳು, ಅಪಘಾತ ಎಂದು ಮೊದಲು ಹೇಳಿದರು. ತಾಯಿ ಬಿಡಲಿಲ್ಲ. ಎರಡನೇ ಸಲ ಪೋಸ್ಟ್‌ಮಾರ್ಟಮ್ ಆಯಿತು, ಮೈಮೇಲೆ 50ಕ್ಕೂ ಹೆಚ್ಚು ಗಾಯ ಸಿಕ್ಕವು. 2016ರಲ್ಲಿ ಇಬ್ಬರು ಆರೋಪಿಗಳೂ ಖುಲಾಸೆಯಾದರು. 2019ರಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ ಒಬ್ಬನ ಖುಲಾಸೆಯನ್ನು ತಿರುಗಿಸಿ 10 ವರ್ಷ ಶಿಕ್ಷೆ ಕೊಟ್ಟಿತು. ಅದೂ ಕೊಲೆಗಲ್ಲ, ಕೊಲೆಯಲ್ಲದ ನರಹತ್ಯೆ ಮತ್ತು ಇತರ ಅಪರಾಧಗಳಿಗೆ. ಎರಡೇ ಡಬ್ಬಿ ಇಟ್ಟುಕೊಂಡವರು ಈ ಕೇಸನ್ನು ಯಾವುದರಲ್ಲಿ ಹಾಕುತ್ತಾರೆ, ಹೇಳಿ? "ಅಪಘಾತ, ಮುಗೀತು" ಅನ್ನುವ ಗುಂಪಿಗೆ ನಾನು ಮೊದಲು ಇದನ್ನೇ ಓದಿಸುವುದು.

ಅಮೆರಿಕದ ಕೇಸಿನ ಮೇಲೆ ಕೈ ಪಳಗಿಸಿ

ನಮ್ಮ ಓಣಿಯ ಸಾವಿನ ಮೇಲೆ ವಾದ ಕಲಿಯುವುದು ಕ್ರೂರ. ದೂರದ್ದನ್ನು ತೆಗೆದುಕೊಳ್ಳಿ. 2008ರಲ್ಲಿ ನ್ಯೂಯಾರ್ಕಿನ ನಿವೃತ್ತ ಡಿಟೆಕ್ಟಿವ್‌ಗಳಾದ ಕೆವಿನ್ ಗ್ಯಾನನ್ ಮತ್ತು ಆಂಥನಿ ಡುವಾರ್ಟೆ ತಮ್ಮ ಸಂಶಯವನ್ನು ಎಲ್ಲರ ಮುಂದಿಟ್ಟರು. 1997ರಿಂದ ಸುಮಾರು 40 ಕಾಲೇಜು ಹುಡುಗರು ಬೇರೆ ಬೇರೆ ಊರಿನ ನದಿ, ಕೆರೆಗಳಲ್ಲಿ ಸತ್ತಿದ್ದಾರೆ, ಇದರ ಹಿಂದೆ ಒಂದು ಗುಂಪಿದೆ, ಎಷ್ಟೋ ಕಡೆ ಹತ್ತಿರದಲ್ಲೇ ನಗುಮುಖದ ಚಿತ್ರ ಸಿಕ್ಕಿದೆ ಎಂದು. ಅದೇ ವರ್ಷ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ, ಈ ಸಾವುಗಳನ್ನು ಒಂದಕ್ಕೊಂದು ಜೋಡಿಸುವ ಸಾಕ್ಷಿ ತನಗೆ ಸಿಕ್ಕಿಲ್ಲ, ಹೆಚ್ಚಿನವು ಕುಡಿತಕ್ಕೆ ಸಂಬಂಧಿಸಿದ ಮುಳುಗುವಿಕೆ ಎಂದಿತು. 2010ರಲ್ಲಿ ಮಿನಿಯಾಪೊಲಿಸ್‌ನ ಕೊಲೆಗಳ ಅಧ್ಯಯನ ಸಂಸ್ಥೆಯೊಂದು ಇಡೀ ವಾದವನ್ನು ಬಿಡಿಸಿ ನೋಡಿ ತಳ್ಳಿಹಾಕಿತು.

ಈಗ ಎರಡು ಗುಂಪು ಮಾಡಿ. ಬಾಯಿ ತೆರೆಯುವ ಮುಂಚೆ ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ಬರೆಯಬೇಕು: ಏನು ಸಿಕ್ಕರೆ ನಾನು ನನ್ನ ಮಾತು ಬದಲಿಸುತ್ತೇನೆ? ಬರೆಯಲು ಆಗದವನು ಆ ದಿನ ಕೇಳುಗ, ಮಾತಾಡುವ ಹಾಗಿಲ್ಲ. ಅರ್ಧ ಗಂಟೆ ಆದ ಮೇಲೆ ಗುಂಪು ಅದಲುಬದಲು. "ಮರ್ಡರ್" ಅಂದವನೇ ಅಪಘಾತದ ಪರ ಮಾತಾಡಬೇಕು. ಮೊದಲು ಗೊಣಗುತ್ತಾರೆ, ಆಮೇಲೆ ಅದೇ ಎಲ್ಲಕ್ಕಿಂತ ಮಜಾ ಅನ್ನುತ್ತಾರೆ.

ನಗುಮುಖದಿಂದಲೇ ಶುರು ಮಾಡಿ. ಆ ಹಳದಿ ಮುಖವನ್ನು 1963ರಲ್ಲಿ ಹಾರ್ವಿ ಬಾಲ್ ಎಂಬಾತ ಒಂದು ಇನ್ಶೂರೆನ್ಸ್ ಕಂಪನಿಗೆ ಬರೆದುಕೊಟ್ಟ. ಈಗ ಜಗತ್ತಿನ ಯಾವ ಸೇತುವೆಯ ಕೆಳಗೂ ಅದು ಸಿಗುತ್ತದೆ. ಹಾಗಾಗಿ ಕೇಳಬೇಕಾದ್ದು "ಹೆಣದ ಹತ್ತಿರ ಚಿತ್ರ ಇತ್ತಾ" ಅಂತಲ್ಲ. ಯಾರೂ ಸಾಯದ ದಂಡೆಗಳಲ್ಲಿ ಎಷ್ಟು ಚಿತ್ರ ಇದ್ದವು, ಬಣ್ಣ ಯಾವಾಗ ಬಳಿದದ್ದು, ನೀರಿಗೆ ಬಿದ್ದ ಜಾಗ ಯಾವುದು ಅಂತ. ಹೆಣ ಹರಿದು ಬಂದಿರುತ್ತದೆ. ಸಿಕ್ಕ ಜಾಗವೇ ಬಿದ್ದ ಜಾಗ ಅಲ್ಲ.

ಆಮೇಲೆ "ಎಲ್ಲರೂ ಗಂಡುಹುಡುಗರೇ ಯಾಕೆ?" ಈ ಪ್ರಶ್ನೆಗೆ ಕೊಲೆಗಾರನೇ ಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ನೀರಿನಲ್ಲಿ ಸಾಯುವ ಗಂಡಸರು ಹೆಂಗಸರ ಸುಮಾರು ಎರಡು ಪಟ್ಟು. ವಿಸ್ಕಾನ್ಸಿನ್ ರಾಜ್ಯದ ಲಾ ಕ್ರಾಸ್ ಎಂಬ ಊರಿನಲ್ಲಿ ಹೀಗೇ ಹುಡುಗರು ಸಾಯುತ್ತಿದ್ದರು. ಅಲ್ಲಿ ಬಾರ್‌ಗಳ ಬೀದಿಯಿಂದ ಮಿಸಿಸಿಪ್ಪಿ ನದಿಯ ದಂಡೆ ನಾಲ್ಕು ಹೆಜ್ಜೆ. ಕೊಲೆಗಾರ ಇದ್ದಾನೆ ಎಂದು ಊರಲ್ಲಿ ಗುಲ್ಲೋ ಗುಲ್ಲು. ಕೊನೆಗೆ ಕಾಲೇಜು ಹುಡುಗ ಹುಡುಗಿಯರೇ ವಾರದ ಕೊನೆಯ ರಾತ್ರಿಗಳಲ್ಲಿ ದಂಡೆ ಕಾಯಲು ನಿಂತರು, ನೀರಿನ ಕಡೆ ತೂರಾಡಿಕೊಂಡು ಬರುವವರನ್ನು ತಿರುಗಿಸಿ ಕಳಿಸಲು. ಕಾವಲಿಗೆ ಕೊಲೆಗಾರ ಸಿಗಲಿಲ್ಲ, ಕುಡಿದವರು ಸಿಕ್ಕರು.

ಆದರೆ ಅಪಘಾತದ ಗುಂಪು ಇಲ್ಲಿ ಚಪ್ಪಾಳೆ ಹೊಡೆಯಬಾರದು. 2002ರ ಹ್ಯಾಲೋವೀನ್ ರಾತ್ರಿ ಮಿನಿಯಾಪೊಲಿಸ್‌ನಲ್ಲಿ ಕಾಣೆಯಾದ ಒಬ್ಬ ವಿದ್ಯಾರ್ಥಿ ನಾಲ್ಕು ತಿಂಗಳ ಮೇಲೆ ನದಿಯಲ್ಲಿ ಸಿಕ್ಕ. ಮನೆಯವರು ಪಟ್ಟು ಹಿಡಿದರು. 2006ರಲ್ಲಿ ಪೊಲೀಸರು ಅದನ್ನು ಕೊಲೆ ಎಂದು ಬದಲಿಸಿದರು. ಗ್ಯಾಂಗಿನ ಕಥೆ ಸುಳ್ಳಾದ ಮಾತ್ರಕ್ಕೆ ಪ್ರತಿ ಸಾವೂ ಅಪಘಾತ ಆಗುವುದಿಲ್ಲ. 40 ಸಾವನ್ನು ಒಟ್ಟಿಗೆ ಎತ್ತಿಕೊಂಡರೆ ಒಂದನ್ನೂ ಸರಿಯಾಗಿ ನೋಡುವುದಿಲ್ಲ. ನನ್ನ ತಕರಾರು ಅಷ್ಟೇ.

ಮೈಮೇಲಿನ ಗುರುತು

ಹುಡುಗರು ಅತಿ ಜಾಸ್ತಿ ಎಡವುವುದು ಇಲ್ಲಿ. ಮೊಬೈಲಿನಲ್ಲಿ ಹೆಣದ ಫೋಟೋ ಬರುತ್ತದೆ: ರೆಪ್ಪೆ ಇಲ್ಲ, ತುಟಿಯ ಅಂಚು ಇಲ್ಲ, ಕಿವಿಯ ತುದಿ ತಿಂದಂತಿದೆ. "ನೋಡ್ರಿ, ಚಿತ್ರಹಿಂಸೆ!" ಅಲ್ಲ. ಏಡಿ, ಮೀನು ಮೊದಲು ಮುಟ್ಟುವುದೇ ಮೆತ್ತನೆ ಭಾಗವನ್ನು. ಬೆನ್ನಿನ ಮೇಲೆ ಉದ್ದುದ್ದ ಗೀರು ಇದ್ದರೆ, ಹೆಣವನ್ನು ಹಗ್ಗ ಹಾಕಿ ಕ್ವಾರಿಯ ಚಿರೆಕಲ್ಲಿನ ಅಂಚಿನ ಮೇಲೆ ಎಳೆದಾಗ ಆದದ್ದೂ ಇರಬಹುದು. ಗಾಯ ಬದುಕಿದ್ದಾಗ ಆದದ್ದೋ ಸತ್ತ ಮೇಲಿನದೋ ಎನ್ನುವುದನ್ನು ಡಾಕ್ಟರು ಒಳಗೆ ರಕ್ತ ಇಳಿದಿದೆಯಾ ಎಂದು ನೋಡಿ ಹೇಳುತ್ತಾರೆ. ಆ ಸಾಲು ರಿಪೋರ್ಟಿನಲ್ಲಿ ಇರುತ್ತದೆ. ಫೋಟೋ ಬಿಟ್ಟು ಅದನ್ನು ಓದಿ.

ಮೂಗು ಬಾಯಲ್ಲಿ ಬಿಳಿ ನೊರೆ, ಉಬ್ಬಿದ ಶ್ವಾಸಕೋಶ, ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದ ಪಾಚಿ ಅಥವಾ ಮರಳು, ಇವು ಜೀವ ಇದ್ದಾಗಲೇ ನೀರಿಗೆ ಇಳಿದದ್ದರ ಕಡೆ ಬೆರಳು ತೋರಿಸುತ್ತವೆ. ಡಯಾಟಮ್ ಪರೀಕ್ಷೆಯೂ ಹಾಗೇ. ನೀರಿನ ಸಣ್ಣ ಪಾಚಿಕಣಗಳು ಎಲುಬಿನ ಮಜ್ಜೆಯವರೆಗೆ ಹೋಗಿದ್ದರೆ, ಆಗ ರಕ್ತ ಓಡುತ್ತಿತ್ತು ಎಂಬ ಲೆಕ್ಕ. ಅದೇ ಜಾಗದ ನೀರಿನ ಮಾದರಿಯ ಜೊತೆ ಹೋಲಿಸಿ ನೋಡದಿದ್ದರೆ ಆ ಪರೀಕ್ಷೆಗೆ ಬೆಲೆ ಇಲ್ಲ, ಮತ್ತು ಅದರ ಮೇಲೆ ಡಾಕ್ಟರುಗಳಲ್ಲೇ ಜಗಳ ಇದೆ. ಇನ್ನೊಂದು ಮಾತು ಎಲ್ಲರೂ ಮರೆಯುತ್ತಾರೆ. ಇವೆಲ್ಲ ಸೇರಿದರೂ ಗೊತ್ತಾಗುವುದು "ಮುಳುಗಿ ಸತ್ತ" ಎಂದು ಮಾತ್ರ. ತಳ್ಳಿದ ಕೈ ಶ್ವಾಸಕೋಶದಲ್ಲಿ ಕಾಣುವುದಿಲ್ಲ.

ಕುಡಿದಿದ್ದನಾ? ಹೆಣ ಕೊಳೆಯುವಾಗ ಒಳಗೇ ಆಲ್ಕೋಹಾಲ್ ಹುಟ್ಟುತ್ತದೆ. ಎರಡು ದಿನ ನೀರಿನಲ್ಲಿದ್ದವನ ರಕ್ತದ ನಂಬರು ಹಿಡಿದು "ಕುಡುಕ" ಅನ್ನಬೇಡಿ. ಕಣ್ಣೊಳಗಿನ ದ್ರವ ತೆಗೆದಿದ್ದರೆ ಅದು ಜಾಸ್ತಿ ನಂಬಿಕೆಗೆ ಅರ್ಹ. ಅಮೆರಿಕದ ವಿಡಿಯೋಗಳಲ್ಲಿ ಜಿಎಚ್‌ಬಿ ಎಂಬ ಮತ್ತಿನ ಮದ್ದು ಸಿಕ್ಕಿತು ಎಂದು ಕುಣಿಯುತ್ತಾರಲ್ಲ, ಅದೂ ಸತ್ತ ದೇಹದಲ್ಲಿ ತಾನಾಗಿ ಸ್ವಲ್ಪ ಹುಟ್ಟುತ್ತದೆ.

ನೀರನ್ನು ಹೋಗಿ ನೋಡಿ

"ನಮ್ಮ ಹುಡುಗಗ ಈಸಾಕ ಬರ್ತಿತ್ರೀ ಸರ, ಅಂವ ಮುಳುಗಾಂವ ಅಲ್ಲ." ಪ್ರತಿ ಅಪ್ಪ ನನಗೆ ಹೇಳುವ ಮಾತು ಇದು. ಸುಳ್ಳಲ್ಲ. ಬೆಂಡು ಕಟ್ಟಿಕೊಂಡು ಹೊಲದ ಬಾವಿಯಲ್ಲಿ ಕಲಿತಿರುತ್ತಾನೆ. ಬಾವಿಗೆ ಮೆಟ್ಟಿಲು ಇರುತ್ತದೆ. ಇಲ್ಲಿನ ಚಿರೆಕಲ್ಲು ಕ್ವಾರಿಗೆ ಇರುವುದಿಲ್ಲ. ಕಲ್ಲನ್ನು ಇಟ್ಟಿಗೆಯಂತೆ ನೇರ ಕೊಯ್ದು ತೆಗೆದಿರುತ್ತಾರೆ, ಗೋಡೆ ನೆಟ್ಟಗೆ. ಮಳೆಗಾಲದಲ್ಲಿ ಪಾಚಿ ಹಿಡಿದಿರುತ್ತದೆ. ಮೊಣಕಾಲು ನೀರಿನಲ್ಲಿ ನಿಂತವನು ಇನ್ನೊಂದು ಹೆಜ್ಜೆ ಇಟ್ಟರೆ ತಲೆ ಮುಳುಗುವಷ್ಟು ಆಳ. ಈಜಿ ದಡಕ್ಕೆ ಬಂದರೂ ಹಿಡಿಯಲು ಏನೂ ಸಿಗದೆ ಸುಸ್ತಾಗುತ್ತಾನೆ. ಕಡಲಲ್ಲಿ ರಿಪ್ ಕರೆಂಟ್ ಇದೆ: ಅಲೆ ಒಡೆಯದೆ ಶಾಂತವಾಗಿ ಕಾಣುವ ಪಟ್ಟಿಯೇ ಒಳಗೆ ಎಳೆಯುವ ಜಾಗ. ಬಾವಿಯ ಈಜುಗಾರ ಅದರ ಎದುರು ಈಜಿ ದಣಿಯುತ್ತಾನೆ. ಮಳೆಗಾಲ ಬಂತೆಂದರೆ ಇಲ್ಲಿನ ಜಿಲ್ಲಾಧಿಕಾರಿಗಳು ಕ್ವಾರಿ, ಜಲಪಾತಗಳಲ್ಲಿ ಇಳಿಯಬಾರದು ಎಂದು ಆದೇಶ ಹೊರಡಿಸುವುದು ಸುಮ್ನೆ ಅಲ್ಲ.

ಹಾಗಾಗಿ ವಾದಕ್ಕೆ ಮುಂಚೆ ಜಾಗಕ್ಕೆ ಹೋಗಿ. ನೀರಿಗೆ ಇಳಿಯಬೇಡಿ, ದಂಡೆಯಿಂದ ನೋಡಿ. ಜಾರುವ ಜಾಗ ಎಲ್ಲಿದೆ, ದೀಪ ಇದೆಯಾ, ರಸ್ತೆಯ ಮೇಲೆ ಕ್ಯಾಮೆರಾ ಇದೆಯಾ, ಅಂಗಡಿ ಎಷ್ಟಕ್ಕೆ ಮುಚ್ಚುತ್ತದೆ. ಚಪ್ಪಲಿ ಮತ್ತು ಬಟ್ಟೆ ಎಲ್ಲಿ ಸಿಕ್ಕವು ಎಂಬುದು ದೊಡ್ಡ ವಿಷಯ. ಮಡಚಿಟ್ಟ ಪ್ಯಾಂಟು, ಒಳಗೆ ಮೊಬೈಲು, ಪಕ್ಕದಲ್ಲಿ ಜೋಡಿ ಚಪ್ಪಲಿ ಇದ್ದರೆ ಅವನು ತಾನೇ ಇಳಿದ ಹಾಗೆ ಕಾಣುತ್ತದೆ. ಪೂರ್ತಿ ಬಟ್ಟೆಯಲ್ಲಿ, ಶೂ ಸಮೇತ ಸಿಕ್ಕರೆ ಪ್ರಶ್ನೆ ಜಾಸ್ತಿ ಕೇಳಬೇಕು. ಮೊಬೈಲು, ಪರ್ಸು ಎರಡೂ ಕಾಣೆ ಅಂದರೆ ಇನ್ನೂ ಜಾಸ್ತಿ.

ಜೊತೆಗಿದ್ದವರು

ಗೆಳೆಯರು ಓಡಿಹೋದರು, ಆದ್ದರಿಂದ ಅವರೇ ಕೊಂದರು: ಈ ಒಂದು ವಾದವನ್ನು ನಾನು ಅರ್ಧಕ್ಕೇ ನಿಲ್ಲಿಸುತ್ತೇನೆ. ಹತ್ತೊಂಬತ್ತು ವರ್ಷದ ಹುಡುಗರು ಕಾಲೇಜು ತಪ್ಪಿಸಿ, ಬಿಯರ್ ತೆಗೆದುಕೊಂಡು, ನಿಷೇಧ ಇದ್ದ ಕ್ವಾರಿಗೆ ಹೋಗಿದ್ದಾರೆ. ಒಬ್ಬ ಮುಳುಗಿದ. ಮನೆಗೆ ಹೇಳಲು ಹೆದರಿಕೆ, ಪೊಲೀಸರ ಹೆದರಿಕೆ. ಓಡುತ್ತಾರೆ, ಸುಳ್ಳು ಹೇಳುತ್ತಾರೆ. ಹೆದರಿಕೆಯ ಸುಳ್ಳು ಬೇರೆ, ಕೊಲೆ ಬೇರೆ. ಆದರೆ ಅವನ ಬಟ್ಟೆ, ಮೊಬೈಲು ಬಚ್ಚಿಟ್ಟಿದ್ದರೆ ಅದು ಬರೀ ಹೆದರಿಕೆ ಎಂದು ಬಿಡುವ ಹಾಗಿಲ್ಲ. ಶಿಕ್ಷೆ ತಪ್ಪಿಸಲು ಸಾಕ್ಷಿ ಮರೆಮಾಡುವುದು ಭಾರತೀಯ ನ್ಯಾಯ ಸಂಹಿತೆಯ 238ನೇ ಕಲಮಿನಡಿ ಅಪರಾಧ. ಒಬ್ಬೊಬ್ಬರ ಹೇಳಿಕೆ ಬೇರೆ ಬೇರೆ ಕೂರಿಸಿ ತೆಗೆದುಕೊಂಡಿದ್ದಾರಾ, ಹೊತ್ತು ಹೊಂದುತ್ತದೆಯಾ, ಇದನ್ನು ಕೇಳಿ. ಹಳೆ ಸಾಲ, ಹುಡುಗಿಯ ವಿಷಯ, ಜಗಳ ಇದ್ದರೆ ಅದು ಕಾರಣ ಆಗಬಹುದು, ಸಾಕ್ಷಿ ಆಗುವುದಿಲ್ಲ.

ವಾದ ಕಾಗದಕ್ಕೆ ಬರಲಿ

ನೀರಿನಲ್ಲಿ ಸತ್ತರೆ ಪೊಲೀಸರು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮಿನಡಿ ವಿಚಾರಣೆ ಮಾಡುತ್ತಾರೆ. 2024ರ ಜುಲೈಗೆ ಮುಂಚೆ ಇದೇ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 174ನೇ ಕಲಮು ಆಗಿತ್ತು. ಪಂಚನಾಮೆ ಬರೆದು, ರಿಪೋರ್ಟನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಇದು ಕೊಲೆ ಅಲ್ಲ ಎಂಬ ತೀರ್ಪಲ್ಲ. ಮುಂದೆ ಅನುಮಾನ ಬಂದರೆ ಎಫ್‌ಐಆರ್ ಆಗಬಹುದು. ಸ್ಟೇಷನ್ನಿನಲ್ಲಿ ದೂರು ತೆಗೆದುಕೊಳ್ಳದಿದ್ದರೆ ಅದೇ ನಾಗರಿಕ ಸುರಕ್ಷಾ ಸಂಹಿತೆಯ 173(4)ರಡಿ ಎಸ್‌ಪಿಗೆ ಬರೆಯಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಹತ್ತಿರ ಹೋಗಬಹುದು.

ಅದಕ್ಕೇ ನಮ್ಮ ವಾದದ ಕೊನೆಗೆ ಯಾರು ಗೆದ್ದರು ಅಂತ ಕೈ ಎತ್ತಿಸುವುದಿಲ್ಲ. ಉತ್ತರ ಸಿಗದ ಪ್ರಶ್ನೆಗಳನ್ನು ಮಾತ್ರ ಬರೆಯುತ್ತೇವೆ, ಒಂದೇ ಪುಟ. ರಸ್ತೆಯ ಸಿಸಿಟಿವಿ ತೆಗೆದಿಟ್ಟಿದ್ದೀರಾ? ಕೆಲವೇ ವಾರಗಳಲ್ಲಿ ಅದು ಅಳಿಸಿಹೋಗುತ್ತದೆ, ಇದೇ ಮೊದಲ ಪ್ರಶ್ನೆ. ಮೊಬೈಲಿನ ಕರೆ ಮತ್ತು ಟವರ್ ದಾಖಲೆ ತರಿಸಿದ್ದೀರಾ? ವಿಸೆರಾ, ಅಂದರೆ ಪರೀಕ್ಷೆಗೆ ತೆಗೆದಿಟ್ಟ ಒಳ ಅಂಗಗಳ ಮಾದರಿ, ವೆರ್ಣಾದ ಫೊರೆನ್ಸಿಕ್ ಲ್ಯಾಬಿಗೆ ಹೋಯಿತಾ? ಕ್ವಾರಿಯ ನೀರಿನ ಮಾದರಿ ತೆಗೆದಿರಾ? ಹೆಣ ಮಣ್ಣು ಮಾಡುವುದೋ ಸುಡುವುದೋ ಎಂದು ಮನೆಯವರು ತೀರ್ಮಾನಿಸುವ ಮುಂಚೆಯೇ ಈ ಪುಟ ತಯಾರಿರಬೇಕು. ಸುಟ್ಟ ಮೇಲೆ ಎರಡನೇ ಪೋಸ್ಟ್‌ಮಾರ್ಟಮ್ ಎಲ್ಲಿಂದ ತರುತ್ತೀರಿ?

ಪುಟಕ್ಕೆ ಸಹಿ ಹಾಕಬೇಕಾದವರು ತಂದೆ ಅಥವಾ ತಾಯಿ, ನಾವಲ್ಲ. ಅವರಿಗೆ ಒಂದೊಂದು ಸಾಲನ್ನೂ ಕನ್ನಡದಲ್ಲಿ ಓದಿ ಹೇಳಿ, ಬೇಡ ಅಂದ ಸಾಲು ಹೊಡೆದುಹಾಕಿ. ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸ್ಟೇಷನ್ನಿನ ಸೀಲು, ತಾರೀಖು, ಇನ್‌ವರ್ಡ್ ನಂಬರು ಹಾಕಿಸಿಕೊಂಡೇ ಹೊರಗೆ ಬನ್ನಿ. "ಇಟ್ಟು ಹೋಗಿ, ನೋಡುತ್ತೇವೆ" ಅಂದರೆ ಬೆಂಚಿನ ಮೇಲೆ ಕೂತುಕೊಳ್ಳಿ. ಸೀಲು ಹಾಕುವವರು ಊಟ ಮುಗಿಸಿ ಬರುತ್ತಾರೆ.