ಹೋರ್ಟಾದಲ್ಲಿ ಆರು ದಿನ

ಕೆರಿಬಿಯನ್‌ನ ಆಂಟಿಗುವಾ ದ್ವೀಪ ಬಿಟ್ಟು ಹತ್ತೊಂಬತ್ತನೇ ದಿನ, ಬೆಳಗಿನ ಪಾಳಿ ನನ್ನದು. ಮೋಡದ ಮೇಲೆ ಒಂದು ಕಪ್ಪು ತುದಿ ಕಾಣಿಸಿತು. ಪೀಕೊ ಪರ್ವತ, 2351 ಮೀಟರ್, ಇಡೀ ಪೋರ್ಚುಗಲ್‌ನಲ್ಲೇ ಅತಿ ಎತ್ತರದ್ದು. ಅದರ ಎದುರಿನ ಫಾಯಲ್ ದ್ವೀಪದಲ್ಲಿದೆ ಹೋರ್ಟಾ ಬಂದರು. ಎರಡೂ ಅಟ್ಲಾಂಟಿಕ್ ಸಾಗರದ ನಡುವಿನ ಅಜೋರ್ಸ್ ದ್ವೀಪಗಳಲ್ಲಿವೆ. ಬರೆಯುವುದು ಹೋರ್ಟಾ, ಅಲ್ಲಿಯವರು ಹೇಳುವುದು ಓರ್ಟಾ. ನಾವು ನಾಲ್ಕು ಜನ, 40 ಅಡಿಯ ಹಾಯಿದೋಣಿ, ಹಿಂದೆ ಬಿಟ್ಟು ಬಂದದ್ದು ಸುಮಾರು 2200 ನಾಟಿಕಲ್ ಮೈಲಿ. ಕೆರಿಬಿಯನ್‌ನಿಂದ ಯುರೋಪಿಗೆ ಮರಳುವ ದೋಣಿಗಳೆಲ್ಲ ಹೆಚ್ಚುಕಮ್ಮಿ ಮೇ, ಜೂನ್‌ನಲ್ಲಿ ಇಲ್ಲಿ ನಿಂತೇ ಹೋಗುತ್ತವೆ.

ನಮ್ಮವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಜೋರ್ಸ್ ದ್ವೀಪಗಳು ಪೋರ್ಚುಗಲ್‌ಗೆ ಸೇರಿದ್ದು. ಭಾರತದ ಪಾಸ್‌ಪೋರ್ಟ್ ಇದ್ದರೆ ಶೆಂಗೆನ್ ವೀಸಾ ಬೇಕು. ಸಮುದ್ರದಿಂದ ಬಂದವರು ಅಂತ ವಿನಾಯಿತಿ ಸಿಗುತ್ತದೆ ಎಂದುಕೊಳ್ಳಬೇಡಿ. ನಾನು ಹೊರಡುವ ಮುಂಚೆಯೇ ಮಾಡಿಸಿಕೊಂಡಿದ್ದೆ. ಹೊರದೇಶದಿಂದ ಬಂದಿದ್ದೇವೆ, ತಪಾಸಣೆ ಆಗಬೇಕು ಅನ್ನುವ ಗುರುತಿಗೆ ಹಳದಿ ಬಾವುಟ ಏರಿಸಿ, ಮೊದಲು ಸ್ವಾಗತದ ಧಕ್ಕೆಗೆ ದೋಣಿ ಕಟ್ಟಿ, ಕಾಗದ ಪತ್ರ ತೋರಿಸಿದೆವು. ಸೀಲು ಬಿದ್ದ ಮೇಲೆ ಬಾವುಟ ಇಳಿಸಿದೆವು.

ಸೀಸನ್ ಆದ್ದರಿಂದ ಜಾಗ ಇರಲಿಲ್ಲ. ಗೋಡೆಗೆ ಒಂದು ದೋಣಿ, ಅದಕ್ಕೆ ಇನ್ನೊಂದು, ಅದಕ್ಕೆ ಮತ್ತೊಂದು ಕಟ್ಟಿದ್ದರು. ನಾವು ನಾಲ್ಕನೆಯವರು. ದಡಕ್ಕೆ ಹೋಗಬೇಕಾದರೆ ಮೂರು ದೋಣಿ ದಾಟಬೇಕು. ಹಾಗೆ ದಾಟುವಾಗ ಯಾವಾಗಲೂ ಮುಂಭಾಗದಿಂದಲೇ ಹೋಗಬೇಕು. ಹಿಂದೆ ಅವರು ಕೂತು ಉಣ್ಣುವ, ಮಲಗುವ ಜಾಗ. ಅದು ಒಬ್ಬರ ಮನೆಯ ಜಗುಲಿ ಇದ್ದ ಹಾಗೆ, ಅಲ್ವಾ?

ಮೊದಲ ರಾತ್ರಿ ಮಾತ್ರ ನಿದ್ದೆ. ಮರುದಿನ ಬೆಳಿಗ್ಗೆಯಿಂದಲೇ ದೋಣಿಯ ಕೆಲಸ ಶುರು ಮಾಡಿದೆವು. ಇದರಲ್ಲಿ ನಾನು ಹಟ ಹಿಡಿಯುತ್ತೇನೆ. ಹಿಂದೊಮ್ಮೆ ಬೇರೆ ಬಂದರಿನಲ್ಲಿ ಮೂರು ದಿನ ಸುಮ್ನೆ ಸುತ್ತಾಡಿ, ಹೊರಡುವ ಹಿಂದಿನ ಸಂಜೆ ಕೆಟ್ಟ ಪಂಪ್ ನೆನಪಾಗಿ, ಬಿಡಿಭಾಗ ಬರಲಿ ಅಂತ ಮತ್ತೆ ಎಂಟು ದಿನ ಕಾಯಬೇಕಾಯಿತು. ದ್ವೀಪ ಅಂದರೆ ಹಾಗೇ, ಅಂಗಡಿಯಲ್ಲಿ ಇಲ್ಲದ್ದು ಹೊರಗಿನಿಂದ ಬರಬೇಕು. ಅದಕ್ಕೇ ಸಮುದ್ರದಲ್ಲಿ ಇರುವಾಗಲೇ ಲಾಗ್‌ಬುಕ್ಕಿನ ಕೊನೆಯ ಪುಟದಲ್ಲಿ ಕೆಟ್ಟದ್ದನ್ನೆಲ್ಲ ಬರೆದಿಡುತ್ತೇನೆ. ಈ ಸಲ ಹದಿನೇಳು ಸಾಲು ಇತ್ತು.

ಮೊದಲ ಸಾಲು, ಕಂಬದ ತುದಿ ನೋಡುವುದು. ಬಟ್ಟೆಯ ಸೀಟಿನಲ್ಲಿ ಕೂತೆ, ಸೇಫ್ಟಿಗೆ ಇನ್ನೊಂದು ಹಗ್ಗ ಸೊಂಟಕ್ಕೆ, ಕೆಳಗಿನಿಂದ ಇಬ್ಬರು ನಿಧಾನಕ್ಕೆ ಎಳೆದರು. ದೊಡ್ಡ ಹಾಯಿ ಎತ್ತುವ ಹಗ್ಗ ಗಾಲಿಯ ಮೇಲೆ ಹಾದುಹೋಗುವ ಕಡೆ ನಾಲ್ಕು ಬೆರಳಿನಷ್ಟು ಉದ್ದಕ್ಕೆ ಹೊರಗಿನ ನೇಯ್ಗೆ ಪೂರ್ತಿ ಸವೆದಿತ್ತು. ಒಳಗಿನ ಬಿಳಿ ನೂಲು ಹೊರಗೆ ಬಂದಿತ್ತು, ಮುಟ್ಟಿದರೆ ಹತ್ತಿಯ ಹಾಗೆ ಮೆತ್ತಗೆ. ಜೋರು ಗಾಳಿಗೆ ಹಾಯಿ ಕಿರಿದು ಮಾಡಿಕೊಂಡು ದಿನಗಟ್ಟಲೆ ಹೋದದ್ದರಿಂದ ಹಗ್ಗ ಒಂದೇ ಜಾಗದಲ್ಲಿ ಕೂತು ತಿಕ್ಕಿತ್ತು. ಕೆಳಗಿನಿಂದ ನೋಡಿದ್ದರೆ ಏನೂ ಗೊತ್ತಾಗುತ್ತಿರಲಿಲ್ಲ. ಇನ್ನೊಂದು ರಾತ್ರಿ ಹೋಗಿದ್ದರೆ ಹಾಯಿ ಮೈಮೇಲೆ ಬೀಳುತ್ತಿತ್ತು. ಸವೆದ ಭಾಗ ಕತ್ತರಿಸಿ, ಒಳ್ಳೆಯ ತುದಿಯನ್ನು ಹಾಯಿಗೆ ಮತ್ತೆ ಕಟ್ಟಿದೆವು. ಉದ್ದ ಸಾಲುತ್ತಿತ್ತು, ಪುಣ್ಯ.

ಡೀಸೆಲ್ ಫಿಲ್ಟರ್, ಉಪ್ಪು ಹಿಡಿದ ಬಟ್ಟೆ, ನೀರಿನ ಟ್ಯಾಂಕು ಇವೆಲ್ಲ ಎರಡು ದಿನದಲ್ಲಿ ಮುಗಿದವು.

ತರಕಾರಿಗೆ ಊರಿನ ಮಾರ್ಕೆಟ್ಟಿಗೆ ಹೋದೆ. ಪೋರ್ಚುಗೀಸ್ ಬರುವುದಿಲ್ಲ, ಆದರೆ "ಬಟಾಟ" ಅಂದರೆ ಸಾಕು, ಆಲೂಗಡ್ಡೆ ತೂಗಿ ಕೊಟ್ಟರು. ಹೊನ್ನಾವರದಲ್ಲಿ ನಾವು ಬಟಾಟೆ ಅನ್ನುವುದು ಇವರಿಂದಲೇ ಬಂದದ್ದು. ಪಾವ್ ಕೂಡ ಹಾಗೇ. ಹತ್ತೊಂಬತ್ತು ದಿನದ ನಂತರ ಬಿಸಿ ಬ್ರೆಡ್ಡು ಕೈಯಲ್ಲಿ ಹಿಡಿದಾಗ ಆದ ಖುಷಿ ಬರೆಯಲು ಬರುವುದಿಲ್ಲ. ಬೇಸಿಗೆಯಲ್ಲಿ ಅಲ್ಲಿಗೂ ನಮ್ಮೂರಿಗೂ ಐದೂವರೆ ಗಂಟೆ ಅಂತರ, ಹಾಗಾಗಿ ಅಮ್ಮನಿಗೆ ಬೆಳಿಗ್ಗೆಯೇ ಫೋನ್ ಮಾಡುತ್ತಿದ್ದೆ. "ಊಟ ಆತನಾ ತಮಾ?" ಅಂತ ಕೇಳಿದರು. ನನ್ನದಿನ್ನೂ ತಿಂಡಿಯೇ ಆಗಿರಲಿಲ್ಲ.

ಸಂಜೆ ಪೀಟರ್ ಕೆಫೆ ಸ್ಪೋರ್ಟ್. 1918ರಿಂದ ಇದೆ. ದೋಣಿಯವರಿಗೆ ಊರಿಂದ ಬಂದ ಕಾಗದಗಳನ್ನು ತೆಗೆದಿಟ್ಟು ಕೊಡುತ್ತಿದ್ದ ಜಾಗ ಅದು. ನಾನು ಅಲ್ಲಿ ಕೂತದ್ದು ಹೆಚ್ಚಾಗಿ ಸುದ್ದಿಗೆ. 2020ರಿಂದ ಸ್ಪೇನ್, ಪೋರ್ಚುಗಲ್ ಕರಾವಳಿಯಲ್ಲಿ ಓರ್ಕಾಗಳು, ಅಂದರೆ ಕೊಲೆಗಾರ ತಿಮಿಂಗಿಲಗಳು, ಹಾಯಿದೋಣಿಗಳ ಚುಕ್ಕಾಣಿಗೆ ಗುದ್ದುತ್ತಿವೆ. ನಾವು ಹೋಗಬೇಕಾದದ್ದು ಲಿಸ್ಬನ್‌ಗೆ, ಇನ್ನೂ ಸುಮಾರು 900 ಮೈಲಿ. ಯಾರು ಎಲ್ಲಿ ನೋಡಿದರು, ದಡದಿಂದ ಎಷ್ಟು ದೂರ ಹೋದರು ಅಂತ ಪಕ್ಕದ ಮೇಜಿನವರನ್ನು ಕೇಳಿ ಕೇಳಿ ಚಾರ್ಟಿನಲ್ಲಿ ಗುರುತು ಹಾಕಿಕೊಂಡೆ.

ಐದನೇ ದಿನ ಗೋಡೆಗೆ ಬಣ್ಣ. ಇಲ್ಲಿ ಚಿತ್ರ ಬಿಡಿಸದೆ ಹೊರಟರೆ ಕೇಡು ಅನ್ನುವ ನಂಬಿಕೆ ಇದೆ. ಮರೀನಾದ ಗೋಡೆ, ನೆಲ ಎಲ್ಲ ಚಿತ್ರವೇ. ಹೊಸದರ ಮೇಲೆ ಬರೆಯಬಾರದು. ಪೂರ್ತಿ ಮಾಸಿದ್ದೊಂದನ್ನು ಹುಡುಕಿ, ಬ್ರಷ್ಷಿನಿಂದ ಉಜ್ಜಿ ತೊಳೆದು, ಒಣಗಿಸಿ, ಬಿಳಿ ಬಣ್ಣ ಹೊಡೆದೆವು. ಅದರ ಮೇಲೆ ದೋಣಿಯ ಹೆಸರು, ವರ್ಷ, ನಾಲ್ವರ ಹೆಸರು. ನನ್ನದನ್ನು ಕನ್ನಡದಲ್ಲೇ ಬರೆದೆ, ಕೆಳಗೆ ಹೊನ್ನಾವರ ಅಂತ. 'ನ್ನಾ' ಬರೆಯುವಾಗ ಒತ್ತಕ್ಷರಕ್ಕೆ ಜಾಗ ಸಾಲದೆ ಎರಡು ಸಲ ಅಳಿಸಿದೆ.

ಆರನೇ ದಿನ ಒಳ್ಳೆಯ ಗಾಳಿ. ಲಾಗ್‌ಬುಕ್ಕಿನ ಹಳೆಯ ಪಟ್ಟಿಗೆ ಅಡ್ಡಗೆರೆ ಎಳೆದು ಹೊರಟೆವು. ಪೀಕೊ ಮರೆಯಾಗುವ ಮೊದಲೇ ಹೊಸ ಪಟ್ಟಿಯ ಮೊದಲ ಸಾಲು ಬಿತ್ತು: ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿದೆ.