ತಂತಿ ಬದಲಿಸುವ ಮುಂಚೆ: ನನ್ನ ಚೆಲ್ಲೊ ನಾದ ಸುಧಾರಿಸಿದ ಬಗೆ

ಕೂತು ಕಾಲುಗಳ ನಡುವೆ ಇಟ್ಟು ನುಡಿಸುವ ದೊಡ್ಡ ಪಿಟೀಲಿನಂಥ ವಾದ್ಯ ಚೆಲ್ಲೊ. ಅದರ ನಾದ ಸರಿಯಿಲ್ಲ ಅನ್ನಿಸಿದ ಕೂಡಲೇ ಹೆಚ್ಚಿನವರು ಹೊಸ ತಂತಿ ಹುಡುಕುತ್ತಾರೆ. ನಾನು ತಂತಿಯನ್ನು ಕೊನೆಗೆ ಇಟ್ಟುಕೊಂಡೆ. ತಂತಿಗಳನ್ನು ಹೊತ್ತು ನಿಲ್ಲುವ ಮರದ ಬ್ರಿಡ್ಜ್ ಸರಿಯಾಗಿ ಕೂತಿಲ್ಲದ ವಾದ್ಯಕ್ಕೆ ಎಂಥ ತಂತಿ ಹಾಕಿದರೂ ಅದು ಎಷ್ಟು ಚೆನ್ನಾಗಿದೆ ಅಂತ ಗೊತ್ತಾಗುವುದಿಲ್ಲ, ಅಲ್ವಾ?

ನನ್ನ ಚೆಲ್ಲೊದಲ್ಲಿ ಎಲ್ಲಕ್ಕಿಂತ ಎತ್ತರದ ಸ್ವರದ ‘ಎ’ ತಂತಿ ಕಿರುಚುತ್ತಿತ್ತು, ಎಲ್ಲಕ್ಕಿಂತ ತಗ್ಗು ಸ್ವರದ ‘ಸಿ’ ತಂತಿ ಮಂಕಾಗಿತ್ತು. ಜೊತೆಗೆ ‘ಜಿ’ ತಂತಿಯ ಮೇಲಿನ ಸ್ಥಾನದಲ್ಲಿ, ‘ಎಫ್’ ಸ್ವರದ ಹತ್ತಿರ, ನಾದ ನಡುಗಿ ಒಡೆಯುತ್ತಿತ್ತು. ವುಲ್ಫ್ ನೋಟ್ ಅಂದರೆ ಇದೇ. ಮೊದಲು ವಾದ್ಯದ ಅಂಚಿನ ಸುತ್ತ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತಾ ಹೋದೆ. ಅಂಟು ಬಿಟ್ಟ ಕಡೆ ಸದ್ದು ಸಡಿಲವಾಗಿ ಕೇಳುತ್ತದೆ. ನನ್ನದರಲ್ಲಿ ಎಲ್ಲ ಗಟ್ಟಿಯಾಗಿತ್ತು.

ಆಮೇಲೆ ಬ್ರಿಡ್ಜ್. ತಂತಿ ಬಿಗಿಸುವ ಪೆಗ್ ತಿರುಗಿಸಿ ಶ್ರುತಿ ಮಾಡಿದಾಗಲೆಲ್ಲ ತಂತಿಗಳು ಅದರ ತಲೆಯನ್ನು ಫಿಂಗರ್‌ಬೋರ್ಡ್ (ಬೆರಳೊತ್ತುವ ಪಟ್ಟಿ) ಕಡೆಗೆ ಎಳೆಯುತ್ತವೆ. ನನ್ನದು ವಾಲಿಕೊಂಡು, ಕಾಲುಗಳ ಹಿಂದಿನ ಅಂಚು ಕೂದಲೆಳೆಯಷ್ಟು ಎದ್ದಿತ್ತು. ತಂತಿಗಳನ್ನು ಕೊಂಚ ಸಡಿಲಿಸಿ, ಎರಡೂ ಕೈಯಲ್ಲಿ ಹಿಡಿದು ತಲೆಯನ್ನು ಹಿಂದಕ್ಕೆ ತಂದೆ. ಟೇಲ್‌ಪೀಸ್ (ತಂತಿಗಳ ಕೆಳತುದಿ ಸಿಕ್ಕಿಸುವ ಭಾಗ) ಕಡೆಯ ಮುಖ ವಾದ್ಯದ ಮೇಲ್ಹಲಗೆಗೆ ನೇರವಾಗಿ ನಿಲ್ಲಬೇಕು. ತಂತಿ ಕೂರುವ ಗೀರುಗಳಿಗೆ ಪೆನ್ಸಿಲ್ ಸೀಸ ಸವರಿದೆ, ಇನ್ನು ತಂತಿ ಸುಲಭವಾಗಿ ಜಾರುತ್ತದೆ. ಇಷ್ಟಕ್ಕೇ ‘ಸಿ’ ತಂತಿ ಬಾಯಿಬಿಟ್ಟಿತು.

ನಾಲ್ಕೂ ತಂತಿಗಳನ್ನು ಒಟ್ಟಿಗೆ ಪೂರ್ತಿ ಸಡಿಲಿಸಲೇಬಾರದು. ಒಳಗಿನ ಸೌಂಡ್‌ಪೋಸ್ಟ್‌ಗೆ ಅಂಟು ಇರುವುದಿಲ್ಲ, ಒತ್ತಡದಿಂದಲೇ ನಿಂತಿರುತ್ತದೆ. ಸ್ಪ್ರೂಸ್ ಮರದ ಈ ಪುಟ್ಟ ಕಂಬದ ಜಾಗ ‘ಎ’ ತಂತಿಯ ಕಡೆಯ ಬ್ರಿಡ್ಜ್ ಕಾಲಿಗಿಂತ ಸ್ವಲ್ಪ ಹಿಂದೆ. ಅದನ್ನು ನಾನು ಮುಟ್ಟಲಿಲ್ಲ, ವಾದ್ಯ ರಿಪೇರಿ ಮಾಡುವವರ ಬಳಿ ಒಯ್ದೆ. ಅವರು ಒಂದು ಮಿಲಿಮೀಟರಿಗಿಂತ ಕಡಿಮೆ ಸರಿಸುತ್ತಾರೆ, ನಾನು ನುಡಿಸುತ್ತೇನೆ, ಮತ್ತೆ ಸರಿಸುತ್ತಾರೆ. ಕಾಲಿನಿಂದ ಇನ್ನೊಂಚೂರು ದೂರ ಹೋದಾಗ ‘ಎ’ ತಂತಿಯ ಕಿರುಚಾಟ ತಗ್ಗಿತು. ಅವರ ಕೈಗೇ ಚೆಲ್ಲೊ ಕೊಟ್ಟು ಕೋಣೆಯ ಆಚೆ ತುದಿಯಲ್ಲಿ ನಿಂತು ಕೇಳಿದ್ದು ಬಹಳ ಉಪಯೋಗಕ್ಕೆ ಬಂತು. ಕಿವಿಯ ಪಕ್ಕ ಒರಟಾಗಿ ಕೇಳುವ ನಾದ ದೂರಕ್ಕೆ ಎಷ್ಟೋ ಸಲ ತುಂಬಿಕೊಂಡು ಬರುತ್ತದೆ.

ವುಲ್ಫ್ ಮಾತ್ರ ಹೋಗಲಿಲ್ಲ. ವಾದ್ಯದ ಒಡಲಿನ ಸ್ವಂತ ಕಂಪನವೂ ನುಡಿಸುವ ಸ್ವರವೂ ಒಂದೇ ಕಡೆ ಬಿದ್ದಾಗ ಹುಟ್ಟುವ ಜಗಳ ಅದು. ಮೊಣಕಾಲಿನಿಂದ ವಾದ್ಯವನ್ನು ಒತ್ತಿದರೆ ಆ ಕ್ಷಣಕ್ಕೆ ಸುಮ್ಮನಾಗುತ್ತದೆ, ಆದರೆ ಸದಾ ಹಾಗೆ ನುಡಿಸಲು ಆಗುತ್ತದೆಯೇ? ಬ್ರಿಡ್ಜ್ ಮತ್ತು ಟೇಲ್‌ಪೀಸ್ ನಡುವೆ, ‘ಜಿ’ ತಂತಿಗೆ, ಒಳಗೆ ರಬ್ಬರ್ ಇರುವ ಹಿತ್ತಾಳೆ ಕೊಳವೆ ಹಾಕಿದೆ. ಮೇಲೆ ಕೆಳಗೆ ಜರುಗಿಸುತ್ತಾ, ನಡುಕ ಎರಡು ಸ್ವರಗಳ ಮಧ್ಯದ ಖಾಲಿ ಜಾಗಕ್ಕೆ ಬಂದಾಗ ಸ್ಕ್ರೂ ಬಿಗಿಗೊಳಿಸಿದೆ. ಅಲ್ಲಿ ಅದು ಇದ್ದರೂ ನನಗೆ ತೊಂದರೆಯಿಲ್ಲ. ಭಾರದ ಕೊಳವೆ ಬೇಡ, ಇಡೀ ವಾದ್ಯದ ಬಾಯಿ ಕಟ್ಟುತ್ತದೆ.

ತಂತಿ ಬದಲಿಸಿದ್ದು ಇದೆಲ್ಲ ಆದ ಮೇಲೆ, ಒಂದೊಂದಾಗಿ. ತಗ್ಗು ಸ್ವರದ ಎರಡಕ್ಕೆ (‘ಸಿ’, ‘ಜಿ’) ಟಂಗ್‌ಸ್ಟನ್ ಸುತ್ತಿದವು. ಈ ಲೋಹ ಭಾರವಾದ್ದರಿಂದ ತಂತಿ ತೆಳುವಾಗಿದ್ದರೂ ಸಾಕು, ಬೋ (ಕಮಾನು) ತಾಗಿದ ಕೂಡಲೇ ನುಡಿಯುತ್ತದೆ. ಎತ್ತರ ಸ್ವರದ ಎರಡಕ್ಕೆ ಮೃದು ಸ್ವಭಾವದವು. ಹೊಸ ಉಕ್ಕಿನ ತಂತಿ ಮೊದಮೊದಲು ಸ್ವಲ್ಪ ಜಾಸ್ತಿನೇ ಚೂಪಾಗಿ ಕೇಳುತ್ತದೆ. ಕೆಲವು ದಿನ ನುಡಿಸಿ ಪಳಗಿಸಿದ ಮೇಲೆಯೇ ಇಟ್ಟುಕೊಳ್ಳುವುದೋ ಬಿಡುವುದೋ ನಿರ್ಧರಿಸಿದೆ.